ಗೋಡೆ ಕಟ್ಟುವ ಮೊದಲು ಕೊಳಚೆಯ ಕೊಳವೆ ಹುಡುಕಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಬಡಾವಣೆಯ ನಡುವೆ ಹಾದುಹೋಗುವ ರಾಜಕಾಲುವೆಯ ಪುನಶ್ಚೇತನ ಕಾಮಗಾರಿ ಸದ್ಯದಲ್ಲೇ ಆರಂಭವಾಗಲಿದೆ ಎಂದು ಕಳೆದ ತಿಂಗಳು ನಡೆದ ನಿವಾಸಿಗಳ ಸಭೆಯಲ್ಲಿ ತಿಳಿಸಲಾಯಿತು. ಪರದೆಯ ಮೇಲೆ ಚಿತ್ರಗಳನ್ನೂ ತೋರಿಸಿದರು. ಎರಡೂ ಬದಿಗೆ ಎತ್ತರದ ಕಾಂಕ್ರೀಟು ತಡೆಗೋಡೆ, ಗೋಡೆಯ ಮೇಲೆ ಬಣ್ಣಬಣ್ಣದ ಹಕ್ಕಿಗಳು, ಪಕ್ಕದಲ್ಲಿ ನಡಿಗೆಯ ಹಾದಿ, ಹೂಗಿಡ, ಕಲ್ಲುಬೆಂಚು, ನಡುವೆ ತಿಳಿನೀರು. ಮೂವತ್ತು ವರ್ಷಗಳಿಂದ ಈ ಕಾಲುವೆಯ ವಾಸನೆಗೆ ಹೆದರಿ ಮನೆಯ ಹಿಂದಿನ ಕಿಟಕಿಯನ್ನು ತೆರೆಯದೆ ಬದುಕಿದ ನನ್ನಂಥವಳಿಗೆ ಆ ಚಿತ್ರಗಳನ್ನು ಕಂಡು ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ತಿಳಿನೀರು ಎಲ್ಲಿಂದ ಬರುತ್ತದೆ ಎಂದು ನಾನು ಎದ್ದು ನಿಂತು ಕೇಳಿದಾಗ ಯಾರೂ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಚಹಾ ಬಂತು, ಸಭೆ ಮುಗಿಯಿತು. ಅಲ್ಲಿಗೇ ನಿಂತ ಆ ಪ್ರಶ್ನೆಯನ್ನು ತಮ್ಮ ಪತ್ರಿಕೆಯ ಮೂಲಕ ಮುಂದುವರಿಸಬೇಕೆನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದ್ದರೆ ಅದು ಮೇಷ್ಟರಿಕೆಯ ಹಳೆಯ ಚಾಳಿ, ಕ್ಷಮಿಸಬೇಕು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಒಂದು ದಿಣ್ಣೆಯ ಬೆನ್ನಿನ ಮೇಲೆ ಕುಳಿತ ಊರು. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯನ್ನು ಸೇರಿ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳದ ಕಣಿವೆಗಳನ್ನು ಇಳಿದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಈ ಇಳಿಜಾರುಗಳಿಗೆ ಅಡ್ಡಲಾಗಿ ಏರಿ ಹಾಕಿ ಕೆರೆ ಕಟ್ಟಿದ ಹಿಂದಿನವರು, ಮೇಲಿನ ಕೆರೆ ಕೋಡಿ ಬಿದ್ದಾಗ ನೀರು ಕೆಳಗಿನ ಕೆರೆಗೆ ಇಳಿಯಲೆಂದು ನಡುವೆ ಕಾಲುವೆಯನ್ನು ಕಾಪಾಡಿಕೊಂಡು ಬಂದರು. ಅದೇ ಇಂದಿನ ರಾಜಕಾಲುವೆ. ಆಮೇಲೆ ಒಂದೊಂದೇ ಕೆರೆ ಹೋಯಿತು. ಧರ್ಮಾಂಬುಧಿ ಕೆರೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು, ಕೋರಮಂಗಲದ ಕೆರೆಯ ಜಾಗದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮದ ಮನೆಗಳು ಬಂದವು. ಕಾಲುವೆಗಳು ಉಳಿದವು, ಆದರೆ ಅವೂ ಇಡಿಯಾಗಿ ಉಳಿಯಲಿಲ್ಲ. ಮಳೆನೀರು ನಿರ್ವಹಣೆಯ ಬಗ್ಗೆ 2021ರಲ್ಲಿ ಬಂದ ಮಹಾಲೇಖಪಾಲರ ವರದಿಯ ಪ್ರಕಾರ, ಕಳೆದ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿ.ಮೀ. ಇದ್ದ ಕಾಲುವೆಗಳ ಉದ್ದ ಸುಮಾರು 63 ಕಿ.ಮೀ.ಗೆ ಇಳಿದಿದೆ. ನಮ್ಮ ಬಡಾವಣೆಯ ಕಾಲುವೆ ಇದೇ ಕಣಿವೆಯದು. ನಮ್ಮ ಬೀದಿಯಲ್ಲಿ ಬಿದ್ದ ಹನಿ ಬೆಳ್ಳಂದೂರು ಕೆರೆಗೂ ಅಲ್ಲಿಂದ ವರ್ತೂರು ಕೆರೆಗೂ ಹೋಗುತ್ತದೆ.

ಕಾಲುವೆ ಇರುವುದು ಮಳೆನೀರಿಗಾಗಿ. ನಮ್ಮ ಊರಿನಲ್ಲಿ ಡಿಸೆಂಬರ್ ಕಳೆದ ಮೇಲೆ ಮಾರ್ಚ್‌ವರೆಗೆ ಹೇಳಿಕೊಳ್ಳುವಂಥ ಮಳೆಯಿಲ್ಲ. ಆದ್ದರಿಂದ ಜನವರಿ, ಫೆಬ್ರವರಿ ತಿಂಗಳಲ್ಲಿ ಕಾಲುವೆ ಒಣಗಿರಬೇಕು. ಇದು ಏಳನೇ ತರಗತಿಯ ಮಗುವೂ ಹೇಳಬಹುದಾದ ಲೆಕ್ಕ. ಆದರೆ ನಮ್ಮ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಬೇಸಿಗೆಯ ನಟ್ಟನಡುವೆಯೂ ಮೊಣಕಾಲುದ್ದದ ಕಪ್ಪು ನೀರು ಹರಿಯುತ್ತಿರುತ್ತದೆ. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ, ಮನೆಮನೆಗಳಲ್ಲಿ ಸ್ನಾನವೂ ಬಟ್ಟೆ ಒಗೆತವೂ ನಡೆಯುವ ಹೊತ್ತಿನಲ್ಲಿ, ಅದರ ಮಟ್ಟ ಕಣ್ಣಿಗೆ ಕಾಣುವಷ್ಟು ಏರುತ್ತದೆ; ಮಧ್ಯಾಹ್ನಕ್ಕೆ ಇಳಿಯುತ್ತದೆ. ಕಾಲುವೆಯಲ್ಲಿ ಹರಿಯುವುದು ಏನು ಎಂದು ಹೇಳಲು ಪ್ರಯೋಗಾಲಯ ಬೇಕಾಗಿಲ್ಲ, ಒಂದು ಗಡಿಯಾರ ಸಾಕು.

ಹೀಗೆ ಬರೆಯುವಾಗ ನಾನು ಬೇರೆಯವರ ಮನೆಗಳ ಕಡೆ ಬೆರಳು ತೋರಿಸುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು, ಏಕೆಂದರೆ ಈ ವಿಷಯದಲ್ಲಿ ಮೊದಲು ಸಿಕ್ಕಿಬಿದ್ದವಳು ನಾನೇ. ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ಕೆಲವರು ಸೇರಿ, ಯಾವ ಯಾವ ಕೊಳವೆ ಕಾಲುವೆಗೆ ಬಾಯಿ ತೆರೆದಿದೆ ಎಂದು ನೋಡೋಣವೆಂದು ಒಂದು ಭಾನುವಾರ ಬೆಳಗ್ಗೆ ಎರಡು ಸೇತುವೆಗಳ ನಡುವೆ ಕಾಲುವೆಯ ಅಂಚಿನಲ್ಲಿ ನಡೆದೆವು. ಎಣಿಕೆ ಇಪ್ಪತ್ತು ದಾಟಿದ ಮೇಲೆ ಬರೆದುಕೊಳ್ಳುವುದನ್ನು ಬಿಟ್ಟು ಫೋಟೊ ತೆಗೆಯಲು ಶುರುಮಾಡಿದೆವು. ಯಾವ ಕೊಳವೆ ಯಾರ ಮನೆಯದು ಎಂದು ತಿಳಿಯುವುದು ಹೇಗೆ? ಜೊತೆಗಿದ್ದ ನಮ್ಮ ಬೀದಿಯ ಪ್ಲಂಬರ್ ಒಂದು ಉಪಾಯ ಹೇಳಿದರು. ಬಟ್ಟೆಗೆ ಹಾಕುವ ನೀಲಿಯನ್ನು ಅರ್ಧ ಬಕೆಟ್ ನೀರಿಗೆ ಕಲಸಿ ಮನೆಯ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಜಾಲರಿಗೆ ಸುರಿಯುವುದು, ಒಬ್ಬರು ಕಾಲುವೆಯ ಬಳಿ ನಿಂತು ನೋಡುವುದು. ಯಾರ ಮನೆಯಿಂದ ಆರಂಭಿಸುವುದು ಎಂಬ ಪ್ರಶ್ನೆ ಬಂದಾಗ, ಧೈರ್ಯವಾಗಿ ನಮ್ಮ ಮನೆಯಿಂದಲೇ ಆಗಲಿ ಎಂದೆ. ನೀಲಿ ಸುರಿದು ಕಾಲುವೆಯ ಬಳಿಗೆ ಹೋಗುವಷ್ಟರಲ್ಲಿ, ಪಾಚಿ ಹಿಡಿದ ನಾಲ್ಕಿಂಚಿನ ಪಿವಿಸಿ ಪೈಪೊಂದರ ಬಾಯಿಂದ ನೀಲಿ ನೀರು ಸಣ್ಣಗೆ ಇಳಿಯುತ್ತಿತ್ತು. "ಅಮ್ಮಾ, ಇದು ನಿಮ್ಮನೆಯದೇ" ಎಂದರು ಪ್ಲಂಬರ್, ಸ್ವಲ್ಪ ಸಂಕೋಚದಿಂದಲೇ. ಮನೆ ಕಟ್ಟಿಸಿದಾಗ ಬಚ್ಚಲು, ಶೌಚಾಲಯಗಳ ನೀರು ಸರಿಯಾಗಿಯೇ ಒಳಚರಂಡಿಗೆ ಹೋಗುತ್ತಿತ್ತು. ಆಮೇಲೆ ಹಿತ್ತಿಲಿನಲ್ಲಿ ವಾಷಿಂಗ್ ಮೆಷಿನ್ ಇಡಲು ಒಂದು ಶೀಟಿನ ಮಾಡು ಹಾಕಿಸಿದಾಗ, ಒಳಚರಂಡಿಯ ಚೇಂಬರ್ ದೂರವಿದೆ, ಕಾಲುವೆ ಹತ್ತಿರವಿದೆ ಎಂದು ಕೆಲಸಗಾರರು ಪೈಪನ್ನು ಹಿಂದಕ್ಕೆ ತಿರುಗಿಸಿದ್ದರು. ನಾನು ವಿಚಾರಿಸಲೇ ಇಲ್ಲ. ಬೆಳ್ಳಂದೂರಿನಲ್ಲೂ ವರ್ತೂರಿನಲ್ಲೂ ಕೆರೆಯ ನೊರೆ ರಸ್ತೆಗೆ ಹಾರಿಬರುವ ಚಿತ್ರಗಳನ್ನು ಪತ್ರಿಕೆಯಲ್ಲಿ ನೋಡಿ ಲೊಚಗುಟ್ಟಿದ್ದೆ. ಆ ನೊರೆಯಲ್ಲಿ ನಮ್ಮ ಮನೆಯ ಸೋಪುಪುಡಿಯ ಪಾಲೂ ಇತ್ತು. ಮಾರನೆಯ ವಾರವೇ ಪೈಪನ್ನು ಚೇಂಬರ್‌ಗೆ ತಿರುಗಿಸಿದೆವು. ಒಂದು ದಿನದ ಕೆಲಸ. ಯಾವ ಟೆಂಡರೂ ಬೇಕಾಗಲಿಲ್ಲ.

ಮನೆಗಳ ತಪ್ಪು ಇಷ್ಟಾದರೆ ವ್ಯವಸ್ಥೆಯ ತಪ್ಪು ಇನ್ನೊಂದು ಬಗೆಯದು. ಕೊಳಚೆಯ ಕೊಳವೆಗಳೂ ಇಳಿಜಾರನ್ನೇ ಅನುಸರಿಸಬೇಕಾದ್ದರಿಂದ ಅವನ್ನು ಕಣಿವೆಯ ತಳದಲ್ಲಿ, ಎಷ್ಟೋ ಕಡೆ ಕಾಲುವೆಯ ಒಡಲಿನಲ್ಲೇ ಹಾಕಲಾಗಿದೆ. ನಮ್ಮಲ್ಲಿಯೂ ಕಾಲುವೆಯ ನಡುವೆ ಬಾವಿಕಟ್ಟೆಗಳಂತೆ ಮ್ಯಾನ್‌ಹೋಲುಗಳು ಎದ್ದು ನಿಂತಿವೆ. ಕೊಳವೆ ಕಟ್ಟಿಕೊಂಡರೆ ಅವುಗಳ ಬಾಯಿಂದ ಕೊಳಚೆ ಉಕ್ಕಿ ನೇರವಾಗಿ ಕಾಲುವೆಗೆ ಬೀಳುತ್ತದೆ. ಮಳೆಗಾಲದಲ್ಲಿ ಇದರ ಉಲ್ಟಾ ಆಟ ನಡೆಯುತ್ತದೆ: ಬಹಳಷ್ಟು ಮನೆಗಳಲ್ಲಿ ತಾರಸಿಯ ಮಳೆನೀರನ್ನು ಒಳಚರಂಡಿಯ ಚೇಂಬರ್‌ಗೆ ಬಿಟ್ಟಿರುವುದರಿಂದ, ಮನೆಬಳಕೆಯ ನೀರಿನ ಲೆಕ್ಕದಲ್ಲಿ ಹಾಕಿದ ಕೊಳವೆ ಜಡಿಮಳೆಯ ನೀರನ್ನು ಹೊರಲಾರದೆ ರಸ್ತೆಯ ಮ್ಯಾನ್‌ಹೋಲಿನ ಮುಚ್ಚಳವನ್ನೇ ಎತ್ತಿಬಿಡುತ್ತದೆ. ಹೀಗೆ ಬೇಸಿಗೆಯಲ್ಲಿ ಕೊಳಚೆ ಮಳೆಯ ದಾರಿಯಲ್ಲೂ ಮಳೆಗಾಲದಲ್ಲಿ ಮಳೆ ಕೊಳಚೆಯ ದಾರಿಯಲ್ಲೂ ಹರಿಯುತ್ತಿದೆ. ಎರಡನ್ನು ಬೇರೆ ಬೇರೆಯಾಗಿ ಇಡಬೇಕೆಂಬುದು ಈ ನಗರದ ಮೂಲ ಯೋಜನೆ. ಒಳಚರಂಡಿಯ ಹೊಣೆ 1964ರಲ್ಲಿ ಹುಟ್ಟಿದ ಜಲಮಂಡಳಿಯದು, ಮಳೆನೀರಿನ ಕಾಲುವೆಯ ಹೊಣೆ ನಗರಾಡಳಿತದ್ದು. ಕಾಗದದ ಮೇಲೆ ಇಷ್ಟು ಸ್ಪಷ್ಟವಾಗಿರುವ ಗೆರೆ ಕಾಲುವೆಯೊಳಗೆ ಇಳಿದರೆ ಕಾಣುವುದಿಲ್ಲ.

ಒಳಚರಂಡಿಗೆ ಸೇರಬೇಕಾದ ನೀರು ದಾರಿ ತಪ್ಪುವುದರಿಂದ ಆಗುವ ನಷ್ಟ ನಮ್ಮ ಮೂಗಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಣ ಘಟಕಗಳಿಂದ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ನೀರು ಹೋಗುತ್ತಿದೆ; ದಿನಕ್ಕೆ 44 ಕೋಟಿ ಲೀಟರ್ ಕೊಡುವ ಯೋಜನೆ ಅದು. ನಮ್ಮ ಬಚ್ಚಲ ನೀರು ಒಳಚರಂಡಿಯಲ್ಲೇ ಹೋದರೆ ಶುದ್ಧವಾಗಿ ಯಾವುದೋ ಊರಿನ ಕೆರೆ ಸೇರಿ ಅಲ್ಲಿನ ಅಂತರ್ಜಲಕ್ಕೆ ಆಸರೆಯಾದೀತು. ಕಾಲುವೆಗೆ ಬಿದ್ದರೆ ಬೆಳ್ಳಂದೂರು ಕೆರೆಯ ಹೂಳಾಗುತ್ತದೆ. 2017ರಲ್ಲಿ ಆ ಕೆರೆಯ ಮೇಲೆ ಬೆಂಕಿ ಎದ್ದಾಗ ದೇಶವೇ ನೋಡಿತು. ಅದಕ್ಕೆ ಮೇಲಿನ ಬಡಾವಣೆಗಳಲ್ಲಿ ಕುಳಿತ ನಾವು ಹೊಣೆಗಾರರೆಂದು ಯಾರೂ ಹೇಳಲಿಲ್ಲ, ನಾವೂ ಹೇಳಿಕೊಳ್ಳಲಿಲ್ಲ.

ಈಗ ತಡೆಗೋಡೆಯ ಮಾತಿಗೆ ಬರುತ್ತೇನೆ. ನಮ್ಮ ಕಾಲುವೆಗೆ ನಾನು ಕಂಡಂತೆ ಮೂರು ಬಾರಿ ದುಡ್ಡು ಸುರಿದಿದ್ದಾರೆ. ನಾವು ಇಲ್ಲಿಗೆ ಬಂದಾಗ ಎರಡೂ ದಡ ಮಣ್ಣಿನದಾಗಿತ್ತು, ಹೊಂಗೆಮರಗಳಿದ್ದವು, ತಳದಲ್ಲಿ ಮರಳೂ ಇತ್ತು. ಮೊದಲು ಕಲ್ಲುಕಟ್ಟಡ ಬಂತು. ಅದು ಕೆಟ್ಟದ್ದೇನಾಗಿರಲಿಲ್ಲ, ಕಲ್ಲಿನ ಸಂದಿಯಿಂದ ಮಳೆನೀರು ಒಸರುತ್ತಿತ್ತು, ಗಿಡ ಬೆಳೆಯುತ್ತಿತ್ತು. ಎರಡನೆಯ ಸಲ ಕಲ್ಲು ಕಿತ್ತು ಕಾಂಕ್ರೀಟು ಗೋಡೆ ಎಬ್ಬಿಸಿದರು. ಮೂರನೆಯ ಸಲ ತಳಕ್ಕೂ ಕಾಂಕ್ರೀಟು ಹಾಸಿದರು. ತಳದಲ್ಲಿದ್ದ ಹೂಳನ್ನು ಪೂರ್ತಿ ತೆಗೆಯದೆ ಅದರ ಮೇಲೆಯೇ ಜಲ್ಲಿ ಹರಡಿದ್ದನ್ನು ಬೀದಿಯವರೆಲ್ಲ ನೋಡಿದೆವು. ಹಾಗಾಗಿ ಗೋಡೆ ಎತ್ತರವಾದಂತೆ ಕಾಣುತ್ತಿದ್ದರೂ ಕಾಲುವೆಯ ಆಳ ಕಡಿಮೆಯೇ ಆಯಿತು. ಇನ್ನೊಂದು ಎಡವಟ್ಟನ್ನು ಹೇಳಲೇಬೇಕು. ಹೊಸ ಗೋಡೆಯಲ್ಲಿ ನಮ್ಮ ಅಡ್ಡರಸ್ತೆಯ ಚರಂಡಿ ಬಂದು ಸೇರುವ ಕಡೆ ಕಂಡಿ ಬಿಡಲು ಮರೆತಿದ್ದರು. ಮೊದಲ ದೊಡ್ಡ ಮಳೆಗೆ ಕಾಲುವೆಯೊಳಗೆ ಜಾಗವಿತ್ತು, ರಸ್ತೆಯಲ್ಲಿ ತೊಡೆಯುದ್ದ ನೀರು ನಿಂತಿತ್ತು, ಎರಡರ ನಡುವೆ ಭದ್ರವಾದ ಗೋಡೆಯಿತ್ತು. ಕೊನೆಗೆ ಬೀದಿಯ ಹುಡುಗರೇ ಸುತ್ತಿಗೆ, ಹಾರೆ ತಂದು ರಾತ್ರಿ ಹನ್ನೊಂದು ಗಂಟೆಗೆ ಕಂಡಿ ಹೊಡೆದರು. ಆ ಕಂಡಿ ಇಂದಿಗೂ ಹಾಗೆಯೇ ಇದೆ, ಕಂಬಿಗಳು ಹೊರಚಾಚಿಕೊಂಡು.

ಗೋಡೆಯನ್ನು ಬೇಡವೆನ್ನಲು ನಾನು ಎಂಜಿನಿಯರ್ ಅಲ್ಲ. ದಡ ಕುಸಿದು ಮನೆಯ ಪಾಯ ಬಿರುಕು ಬಿಟ್ಟ ಕಡೆ ಗೋಡೆ ಬೇಕೇ ಬೇಕು. ನನ್ನ ಮಾತು ಕೆಲಸದ ಅನುಕ್ರಮದ ಬಗ್ಗೆ. ಗೋಡೆಯನ್ನು ಮೊದಲು ಕಟ್ಟಿದರೆ ಕೊಳಚೆಯ ಕೊಳವೆಗಳ ಬಾಯಿಗಳು ಅದರೊಳಗೆ ಹುದುಗಿಹೋಗುತ್ತವೆ, ಇಲ್ಲವೇ ಗುತ್ತಿಗೆದಾರರು ಸೌಜನ್ಯದಿಂದ ಪ್ರತಿಯೊಂದಕ್ಕೂ ಒಂದು ತೂತು ಬಿಟ್ಟು ಅದನ್ನು ಶಾಶ್ವತಗೊಳಿಸುತ್ತಾರೆ. ನಮ್ಮ ಮನೆಯ ಆ ಪಿವಿಸಿ ಪೈಪಿಗೆ ಕಾಂಕ್ರೀಟು ಗೋಡೆಯಲ್ಲಿ ಎಷ್ಟು ಚೊಕ್ಕಟವಾದ ದುಂಡು ರಂಧ್ರ ಬಿಟ್ಟಿದ್ದರು ಎಂದರೆ, ಅನುಮತಿ ಪಡೆದೇ ಹಾಕಿಸಿದ ಪೈಪು ಎನ್ನಬೇಕು. ಕಂಡಿ ಬಿಡಬೇಕಾದ ಕಡೆ ಮರೆತರು, ಮುಚ್ಚಬೇಕಾದ ಕಡೆ ಬಿಟ್ಟರು.

ನೆರೆಯ ವಿಷಯವನ್ನು ತೆಗೆದುಕೊಂಡರೂ ಲೆಕ್ಕ ಇಲ್ಲಿಗೇ ಬರುತ್ತದೆ. 30×40 ಅಡಿಯ ನಿವೇಶನವೆಂದರೆ ಸುಮಾರು 111 ಚದರ ಮೀಟರ್. ಅದರ ಮೇಲೆ 100 ಮಿ.ಮೀ. ಮಳೆ ಬಿದ್ದರೆ 11 ಸಾವಿರ ಲೀಟರ್ ನೀರು, ಅಂದರೆ ಬೇಸಿಗೆಯಲ್ಲಿ ನಾವು ದುಡ್ಡು ಕೊಟ್ಟು ತರಿಸುವ 6 ಸಾವಿರ ಲೀಟರಿನ ಟ್ಯಾಂಕರ್ ಎರಡಕ್ಕೆ ತುಸು ಕಡಿಮೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಒಂದೇ ದಿನದಲ್ಲಿ ಸುಮಾರು 130 ಮಿ.ಮೀ. ಸುರಿಯಿತು, ಹೊರವರ್ತುಲ ರಸ್ತೆಯ ಕಡೆ ಜನ ಟ್ರಾಕ್ಟರ್ ಏರಿ ಕಚೇರಿಗೆ ಹೋದರು. 2017ರ ಸ್ವಾತಂತ್ರ್ಯೋತ್ಸವದ ಬೆಳಗಿನ ಮಳೆಯನ್ನು ಕೋರಮಂಗಲದವರು ಇನ್ನೂ ಮರೆತಿಲ್ಲ. ಒಂದೊಂದು ನಿವೇಶನದಿಂದ ಎರಡೆರಡು ಟ್ಯಾಂಕರ್ ನೀರು ಎರಡು ಮೂರು ಗಂಟೆಗಳೊಳಗೆ ಒಟ್ಟಿಗೇ ಬಂದು ಬೀಳುವಾಗ, ಕಾಲುವೆಯ ತಳದಲ್ಲಿ ಆಗಲೇ ಕೊಳಚೆಯೂ ಅದು ತಂದು ಕೂರಿಸಿದ ಕೆಸರೂ ಜಾಗ ಹಿಡಿದಿದ್ದರೆ ಮಳೆಗೆ ಉಳಿಯುವುದು ಏನು? ನುಣುಪಾದ ಕಾಂಕ್ರೀಟು ತಳ ನೀರನ್ನು ಬೇಗ ದಾಟಿಸುತ್ತದೆ ಎಂಬ ಉತ್ತರವಿದೆ. ನಿಜ, ನಮ್ಮಿಂದ ಬೇಗ ದಾಟಿಸುತ್ತದೆ. ಕೆಳಗಿನ ಬಡಾವಣೆಯವರಿಗೆ ಅಷ್ಟೇ ಬೇಗ ತಲುಪಿಸುತ್ತದೆ. ಶ್ರೀನಿವಾಗಿಲು ಕೆರೆಯಂಗಳದಲ್ಲಿ ಎದ್ದ ಬಡಾವಣೆಯಂಥ ತಗ್ಗಿನ ಜಾಗಗಳಲ್ಲಿ ಮನೆಯೊಳಗೆ ನೀರು ನುಗ್ಗಿದಾಗ ಮೇಲಿನವರಾದ ನಾವು ಸುದ್ದಿ ನೋಡುತ್ತಾ ಕುಳಿತಿರುತ್ತೇವೆ. ತಳವನ್ನು ಮಣ್ಣಿಗೂ ಕಲ್ಲಿಗೂ ಬಿಟ್ಟರೆ ನೀರಿನ ಓಟಕ್ಕೆ ಒಂದಿಷ್ಟು ಕಡಿವಾಣ ಬೀಳುತ್ತದೆ, ಒಂದಿಷ್ಟು ಇಂಗುತ್ತದೆ. ಆದರೆ ಕೊಳಚೆ ಹರಿಯುವವರೆಗೆ ಮಣ್ಣಿನ ತಳ ಬಿಡುವಂತೆಯೂ ಇಲ್ಲ, ಬಿಟ್ಟರೆ ಕೊಳಚೆಯೇ ಇಂಗಿ ಸುತ್ತಲಿನ ಕೊಳವೆಬಾವಿ ಕೆಡುತ್ತದೆ. ಹೀಗಾಗಿ ಯಾವ ಕಡೆಯಿಂದ ಹೊರಟರೂ ಮೊದಲ ಹೆಜ್ಜೆ ಕೊಳಚೆಯನ್ನು ತಪ್ಪಿಸುವುದೇ.

ಮಾದರಿಗಳ ಬಗ್ಗೆಯೂ ಒಂದು ಮಾತು. ಸಭೆಯಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಚೊಂಗ್‌ಗ್ಯೆಚೊನ್ ತೊರೆಯ ಫೋಟೊ ತೋರಿಸಿದರು. ಮೇಲ್ಸೇತುವೆಯನ್ನೇ ಕೆಡವಿ, ಮುಚ್ಚಿಹೋಗಿದ್ದ ತೊರೆಯನ್ನು 2003ರಿಂದ 2005ರ ನಡುವೆ ಸುಮಾರು 5.8 ಕಿ.ಮೀ. ಉದ್ದಕ್ಕೆ ತೆರೆದ ಆ ಕೆಲಸ ದೊಡ್ಡದೇ. ಆದರೆ ಫೋಟೊದಲ್ಲಿ ಕಾಣದ ಎರಡು ಸಂಗತಿಗಳಿವೆ. ತೊರೆಯ ಎರಡೂ ಬದಿಯ ನೆಲದಡಿ ಕೊಳಚೆಯನ್ನು ಹಿಡಿದು ಒಯ್ಯುವ ದೊಡ್ಡ ಮೋರಿಗಳಿವೆ. ಮೇಲೆ ಹರಿಯುವ ತಿಳಿನೀರಿನ ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿ ತಂದದ್ದು. ನಮ್ಮದೇ ಊರಿನ ಕೆ-100 ಜಲಮಾರ್ಗ ಇದಕ್ಕಿಂತ ಹತ್ತಿರದ ಪಾಠ. ಮೆಜೆಸ್ಟಿಕ್ ಕಡೆಯಿಂದ ಶಾಂತಿನಗರ, ಕೋರಮಂಗಲಗಳ ಮೂಲಕ ಬೆಳ್ಳಂದೂರಿನತ್ತ ಸುಮಾರು 11–12 ಕಿ.ಮೀ. ಸಾಗುವ ಆ ಕಾಲುವೆಯ ಯೋಜನೆಯಲ್ಲಿ ಕೊಳಚೆಯ ಸಂಪರ್ಕಗಳನ್ನು ತಪ್ಪಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಶಾಂತಿನಗರ ಬಸ್ ನಿಲ್ದಾಣದ ಬಳಿ ನಾನೇ ಹೋಗಿ ನೋಡಿದ್ದೇನೆ. ದಡಕ್ಕೆ ಮಾಡಿದ ಕಲ್ಲುಕೆಲಸ ಚೆನ್ನಾಗಿದೆ, ಕುಳಿತುಕೊಳ್ಳಲು ಜಾಗವಿದೆ. ಕುಳಿತುಕೊಳ್ಳಬೇಕೋ ಬೇಡವೋ ಎಂಬುದನ್ನು ಮಾತ್ರ ಆ ದಿನದ ಗಾಳಿ ಹೇಳಬೇಕು.

ಒತ್ತುವರಿಯ ಪ್ರಸ್ತಾಪವಿಲ್ಲದೆ ರಾಜಕಾಲುವೆಯ ಮಾತು ಮುಗಿಯುವುದಿಲ್ಲ ಎಂಬುದು ಗೊತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗಳಿಗೂ ಕಾಲುವೆಗಳಿಗೂ ವಿಧಿಸಿದ್ದ ಹೆಚ್ಚಿನ ಮೀಸಲು ಅಂತರವನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಬದಿಗಿಟ್ಟ ಮೇಲೆ, ದೊಡ್ಡ, ನಡುವಣ, ಸಣ್ಣ ಕಾಲುವೆಗಳ ಪಕ್ಕ ಕಟ್ಟಡವಿಲ್ಲದೆ ಬಿಡಬೇಕಾದ ಜಾಗಕ್ಕೆ ನಗರ ಯೋಜನೆಯಲ್ಲಿದ್ದ ಕ್ರಮವಾಗಿ 50, 25, 15 ಮೀಟರ್‌ಗಳ ಹಳೆಯ ಲೆಕ್ಕವೇ ಉಳಿಯಿತು. ಆದರೆ ನೆಲದ ಮೇಲೆ ಕಾಲುವೆಯ ಗಡಿ ಎಲ್ಲಿದೆ ಎಂಬುದಕ್ಕೆ ಹಳೆಯ ಗ್ರಾಮನಕ್ಷೆ ಹಿಡಿದು ಸರ್ವೆ ಮಾಡಿ ಕಲ್ಲು ನೆಟ್ಟರಷ್ಟೇ ಉತ್ತರ ಸಿಗುತ್ತದೆ. 2016ರ ಆಗಸ್ಟ್‌ನಲ್ಲಿ ಬೊಮ್ಮನಹಳ್ಳಿ ಕಡೆ ಜೆಸಿಬಿಗಳು ಬಂದಾಗ, ಬ್ಯಾಂಕ್ ಸಾಲ ಮಾಡಿ, ಮಂಜೂರಾದ ನಕ್ಷೆ ಕೈಯಲ್ಲಿ ಹಿಡಿದು ಅಳುತ್ತಾ ನಿಂತವರನ್ನು ಟಿ.ವಿ.ಯಲ್ಲಿ ನೋಡಿದ್ದೇವೆ, ನಕ್ಷೆ ಕೊಟ್ಟವರು ಆ ದೃಶ್ಯದಲ್ಲಿ ಎಲ್ಲೂ ಇರಲಿಲ್ಲ. ಇದು ನ್ಯಾಯಾಲಯ, ಸರ್ವೆ, ಪರಿಹಾರ ಎಂದು ವರ್ಷಗಟ್ಟಲೆ ಹಿಡಿಯುವ ಕೆಲಸ, ಅದು ತನ್ನ ದಾರಿಯಲ್ಲಿ ಆಗಲಿ. ಕೊಳಚೆಯ ಕೊಳವೆಯನ್ನು ಚೇಂಬರ್‌ಗೆ ತಿರುಗಿಸಲು ಒಂದು ಗೋಡೆಯನ್ನೂ ಕೆಡವಬೇಕಾಗಿಲ್ಲ, ಒಬ್ಬರನ್ನೂ ಎಬ್ಬಿಸಬೇಕಾಗಿಲ್ಲ, ಒಂದು ತಡೆಯಾಜ್ಞೆಗೂ ಕಾಯಬೇಕಾಗಿಲ್ಲ. ಇಷ್ಟು ಸುಲಭವಾದದ್ದು ಯಾಕೆ ಯಾವಾಗಲೂ ಪಟ್ಟಿಯ ಕೊನೆಗೆ ಬೀಳುತ್ತದೆ ಎಂದು ಯೋಚಿಸಿದ್ದೇನೆ. ಅದಕ್ಕೆ ದೊಡ್ಡ ಮೊತ್ತದ ಬಿಲ್ ಆಗುವುದಿಲ್ಲ, ಉದ್ಘಾಟನೆಗೆ ಕತ್ತರಿಸಲು ರಿಬ್ಬನ್ ಕಟ್ಟುವ ಜಾಗವೂ ಇರುವುದಿಲ್ಲ ಎಂಬುದಷ್ಟೇ ನನಗೆ ಹೊಳೆದ ಕಾರಣ.

ಹೊಣೆಯ ವಿಷಯದಲ್ಲಿ ನಮಗಾದ ಅನುಭವ ಬೇರೆ ಬಡಾವಣೆಯವರಿಗೂ ಹೊಸದಾಗಿರಲಾರದು. ನೀಲಿಯ ಪರೀಕ್ಷೆಯ ನಂತರ ಫೋಟೊಗಳನ್ನು ಮುದ್ರಿಸಿ, ಮನೆ ಸಂಖ್ಯೆ ಬರೆಯದೆ, ಜಾಗದ ಗುರುತು ಮಾತ್ರ ಹಾಕಿ ಒಂದು ಕಚೇರಿಗೆ ಕೊಟ್ಟೆವು. ಕೊಳಚೆ ನಮ್ಮದಲ್ಲ, ಇನ್ನೊಂದು ಕಚೇರಿಯದು ಎಂದರು. ಅಲ್ಲಿಗೆ ಹೋದಾಗ, ಕೊಳವೆ ಬೀಳುತ್ತಿರುವುದು ಕಾಲುವೆಗೆ ತಾನೇ, ಕಾಲುವೆ ಅವರದು ಎಂದರು. ಇಬ್ಬರೂ ಮರ್ಯಾದೆಯಿಂದಲೇ ಮಾತನಾಡಿದರು, ಇಬ್ಬರೂ ಸ್ವೀಕೃತಿಯ ಮುದ್ರೆ ಒತ್ತಿಕೊಟ್ಟರು. ಎರಡು ಮುದ್ರೆಗಳಿರುವ ಆ ಒಂದೇ ಅರ್ಜಿ ನನ್ನ ಬಳಿ ಇದೆ. 2025ರ ಸೆಪ್ಟೆಂಬರ್‌ನಿಂದ ನಗರಕ್ಕೆ ಒಂದರ ಬದಲು ಐದು ಪಾಲಿಕೆಗಳು ಬಂದಿವೆ. ಆಡಳಿತ ಹತ್ತಿರವಾದರೆ ಸಂತೋಷವೇ. ಆದರೆ ಕಾಲುವೆಗೆ ಪಾಲಿಕೆಯ ಗಡಿ ತಿಳಿಯುವುದಿಲ್ಲ. ಮೇಲಿನ ಪಾಲಿಕೆಯಲ್ಲಿ ಬಿಟ್ಟ ಕೊಳಚೆಯನ್ನು ಕೆಳಗಿನ ಪಾಲಿಕೆಯ ಸುಂದರ ನಡಿಗೆಪಥದ ಪಕ್ಕ ಹರಿಸುವಂತಾದರೆ ದುಡ್ಡು ನೀರಿಗೇ ಹೋದಂತೆ. ಆದ್ದರಿಂದ ಪ್ರತಿ ಕಣಿವೆಗೆ, ಕನಿಷ್ಠ ಪ್ರತಿ ದೊಡ್ಡ ಕಾಲುವೆಗೆ, ಮಳೆನೀರಿನವರೂ ಒಳಚರಂಡಿಯವರೂ ಒಟ್ಟಿಗೆ ಸಹಿ ಹಾಕುವ ಒಬ್ಬ ಜವಾಬ್ದಾರಿ ಅಧಿಕಾರಿ ಇರಬೇಕು. ಆ ಅಧಿಕಾರಿಯ ಹೆಸರು, ದೂರವಾಣಿ ಸಂಖ್ಯೆಗಳು ಸೇತುವೆಯ ಮೇಲಿನ ಫಲಕದಲ್ಲಿರಬೇಕು.

ಕಾಮಗಾರಿಯ ಅಂದಾಜುಪಟ್ಟಿಯನ್ನು ಅಂತಿಮಗೊಳಿಸುವ ಮೊದಲು ಎರಡು ಸೇತುವೆಗಳ ನಡುವಿನ ಪ್ರತಿಯೊಂದು ಕೊಳವೆಯ ಬಾಯನ್ನೂ ಗುರುತಿಸಿ, ಅದು ಯಾವ ಚೇಂಬರ್‌ಗೆ ಸೇರಬೇಕೆಂದು ನಿರ್ಧರಿಸಿ, ಆ ಕೆಲಸ ಮುಗಿದ ಮೇಲಷ್ಟೇ ಗೋಡೆಯ ಕೆಲಸದ ಆದೇಶ ಕೊಡಬೇಕೆಂಬುದು ನಮ್ಮ ಬೀದಿಯವರ ಕೋರಿಕೆ. ಸರಿಪಡಿಸಿಕೊಳ್ಳಲು ಮನೆಗಳಿಗೆ ನೋಟಿಸ್ ಕೊಡಲಿ, ಒಂದು ಗಡುವು ಕೊಡಲಿ. ಕಾಲುವೆಗೆ ಆತುಕೊಂಡಿರುವ ಶೀಟಿನ ಮನೆಗಳಲ್ಲಿ ಬಾಡಿಗೆಗಿರುವವರಿಗೆ ಹತ್ತಿರದಲ್ಲಿ ಒಳಚರಂಡಿಯ ಸಂಪರ್ಕವೇ ಇಲ್ಲ, ಅಂಥ ಕಡೆ ಸರ್ಕಾರದ ಖರ್ಚಿನಲ್ಲೇ ಮಾಡಿಕೊಡಲಿ, ಅವರ ಮೇಲೆ ದಂಡ ಹಾಕುವುದು ಅನ್ಯಾಯ. ತಾರಸಿಯ ನೀರನ್ನು ಒಳಚರಂಡಿಗೆ ಬಿಟ್ಟಿರುವವರನ್ನೂ ಅದೇ ಸರ್ವೆಯಲ್ಲಿ ಹಿಡಿಯಬಹುದು. ಮಳೆನೀರು ಸಂಗ್ರಹವನ್ನು 2009ರಲ್ಲೇ ಕಾನೂನು ಕಡ್ಡಾಯ ಮಾಡಿದೆ, ನಮ್ಮಲ್ಲಿ ಎಷ್ಟೋ ಸಂಪುಗಳಿಗೆ ಅದರ ಪೈಪು ಮಾತ್ರ ಇದೆ, ನೀರಿಲ್ಲ.

ಇನ್ನೊಂದು ಅಂಶ ಸಣ್ಣದಾಗಿ ಕಂಡರೂ ಜೀವದ ಪ್ರಶ್ನೆ. ಎರಡೂ ಬದಿಗೆ ಆಳೆತ್ತರದ ಗೋಡೆ ಎದ್ದ ಮೇಲೆ ಹೂಳು ತೆಗೆಯುವ ಹಿಟಾಚಿಯೂ ಮ್ಯಾನ್‌ಹೋಲ್ ಶುಚಿಗೊಳಿಸುವ ಜೆಟ್ಟಿಂಗ್ ಯಂತ್ರವೂ ಕಾಲುವೆಯ ಬಳಿ ಬರಲಾರವು. ಆಗ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು: ಯಾರೋ ಒಬ್ಬ ಮನುಷ್ಯನನ್ನು ಹಗ್ಗ ಕಟ್ಟಿ ಇಳಿಸುತ್ತಾರೆ. ಹಾಗೆ ಇಳಿಸುವುದನ್ನು ಮಲಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಯಂತ್ರ ಇಳಿಯಲು ನಿಗದಿತ ಅಂತರದಲ್ಲಿ ಇಳಿಜಾರಿನ ದಾರಿ ಬಿಡದ ಯಾವ ನಕ್ಷೆಯನ್ನೂ ನಮ್ಮ ಬಡಾವಣೆಯವರು ಒಪ್ಪಬಾರದು. ಬೆಂಚು ಒಂದೆರಡು ಕಡಿಮೆಯಾದರೂ ಅಡ್ಡಿಯಿಲ್ಲ.

ಕಳೆದ ವರ್ಷದ ನಮ್ಮ ನಡಿಗೆಯ ನಂತರ ಬೀದಿಯ ಹದಿನಾಲ್ಕು ಮನೆಯವರು ತಾವಾಗಿಯೇ ಪೈಪು ತಿರುಗಿಸಿಕೊಂಡಿದ್ದಾರೆ. ಇನ್ನು ಕೆಲವರು, ಎಲ್ಲರೂ ಮಾಡಿದರೆ ನಾವೂ ಮಾಡುತ್ತೇವೆ ಎನ್ನುತ್ತಾರೆ. ಕಾಲುವೆಯ ವಾಸನೆ ಇದರಿಂದ ಕಡಿಮೆಯಾಗಿದೆ ಎಂದು ಹೇಳುವಂತಿಲ್ಲ, ಮೇಲಿನ ಬೀದಿಗಳಿಂದ ಬರುವುದು ಬರುತ್ತಲೇ ಇದೆ. ಆದರೆ ನಮ್ಮ ಬಳಿ ಈಗ ಕೈಯಲ್ಲಿ ಬರೆದ ಒಂದು ನಕ್ಷೆ ಇದೆ. ಸಂಬಂಧಪಟ್ಟ ಎರಡೂ ಕಡೆಯ ಎಂಜಿನಿಯರುಗಳು ಒಟ್ಟಿಗೆ ಬರುವುದಾದರೆ, ಯಾವ ಭಾನುವಾರವಾದರೂ ಸರಿ, ಬೆಳಗ್ಗೆ ಏಳು ಗಂಟೆಗೆ ಆ ನಕ್ಷೆಯೊಂದಿಗೆ ಮೇಲಿನ ಸೇತುವೆಯ ಬಳಿ ಕಾಯುತ್ತಿರುತ್ತೇವೆ. ನೀಲಿಯ ಸೀಸೆಯನ್ನೂ ನಾವೇ ತರುತ್ತೇವೆ. ಏಪ್ರಿಲ್ ಮುಗಿಯುವುದರೊಳಗೆ ಬಂದರೆ ಒಳ್ಳೆಯದು. ಮಳೆ ಹಿಡಿದ ಮೇಲೆ ಕೊಳವೆಗಳ ಬಾಯಿ ನೀರಿನೊಳಗೆ ಮುಳುಗಿರುತ್ತದೆ, ತೋರಿಸಲು ಏನೂ ಕಾಣುವುದಿಲ್ಲ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ರಾಜಕಾಲುವೆ ಪಕ್ಕದ ನಿವಾಸಿ
ಬೆಂಗಳೂರು